ಸಿಹಿನೀರಿನ ಬೀಗ

"ಕುಡಿದು ಸತ್ತವನಿಗೆ ನಾನೆಂತ ಮಾಡ್ಲಿಕ್ಕಾಗ್ತದೆ? ಮೊದಲು ಈ ಬೇವರ್ಸಿಯನ್ನು ಗೇಟಿನಿಂದ ಆಚೆ ಹಾಕಿ."

ಬೇವರ್ಸಿ ಎಂದದ್ದು ಗುತ್ತಿಗಾರಿನ ತನಿಯಪ್ಪನಿಗೆ. ಕುಡಿದು ಸತ್ತವನು ಎಂದದ್ದು ಪಕ್ಕದಲ್ಲಿ ನಿಂತಿದ್ದ ಜಸೀನಾಳ ಗಂಡ ಕಲಂದರನಿಗೆ. ಎರಡನ್ನೂ ಹೇಳಿದ ಗುತ್ತಿಗೆದಾರ ಮುಸ್ತಫಾ ಹಾಜಿ ದರ್ಬೆಯ ತನ್ನ ಮನೆಯಂಗಳದ ಶಾಮಿಯಾನದ ಕೆಳಗೆ ಎಡಗೈಯಲ್ಲಿ ಪಂಚೆ ಎತ್ತಿ ಹಿಡಿದು ನಿಂತಿದ್ದ. ಬಲಗೈ ಎಂಜಲು. ಮಗಳ ನಿಶ್ಚಿತಾರ್ಥದ ಊಟದ ಮೊದಲ ಪಂಕ್ತಿ ಆಗಷ್ಟೇ ಎದ್ದಿತ್ತು. ಬೆಳಿಗ್ಗೆಯಿಂದ ಕರೆಂಟಿಲ್ಲದೆ ಟ್ಯಾಂಕಿ ಖಾಲಿಯಾಗಿತ್ತು. ಅಡುಗೆಯವನೊಬ್ಬ ಬಾವಿಯಿಂದ ಸೇದುತ್ತಿದ್ದ. ತುಪ್ಪದನ್ನ ಉಂಡ ಗಂಡಸರು ಜಿಡ್ಡಿನ ಕೈಗಳನ್ನು ಬಟ್ಟೆಗೆ ತಾಗದಂತೆ ದೂರ ಹಿಡಿದು ಬಾವಿಕಟ್ಟೆಯ ಹತ್ತಿರ ಸಾಲಾಗಿ ಕಾಯುತ್ತಿದ್ದರು.

"ಹೆಂಗಸರಿಗೆ ಹಿಂದೆ ಜಾಗ ಉಂಟು. ಉಂಡು ಹೋಗು," ಎಂದ ಹಾಜಿ.

"ಊಟಕ್ಕೆ ಬಂದದ್ದಲ್ಲ ಮುಸ್ತಫಾಕ." ಜಸೀನಾ ಗಂಡ ಸತ್ತ ಮೇಲಿನ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಸಿ ಮನೆಯಿಂದ ಹೊರಬಿದ್ದದ್ದು ಆ ವಾರವೇ. "ಅವರು ಕುಡೀತಿರ್ಲಿಲ್ಲ. ಊರಿಡೀ ಹಾಗೆ ಹೇಳಿದ್ದು ನೀವು. ಸುಳ್ಳು ಅಂತ ಹೇಳ್ಬೇಕಾದದ್ದೂ ನೀವೇ, ಇವರೆಲ್ಲರ ಎದುರು. ಮದ್ರಸದಲ್ಲಿ ನನ್ನ ಫೌಝಿಯಾಳ ಪಕ್ಕ ಯಾರೂ ಕೂತುಕೊಳ್ಳುದಿಲ್ಲ. ಕುಡುಕನ ಮಗಳು ಅಂತೆ."

ಹಾಜಿ ತನಿಯಪ್ಪನತ್ತ ತಿರುಗಿದ. "ಇವನನ್ನು ಸಾಕ್ಷಿಗೆ ತಂದದ್ದಾ? ನೀನು ಕುಡಿಯುದಿಲ್ವಾ?"

"ಕುಡೀತೇನೆ ಸಾಹುಕಾರ್ರೆ. ಹಾಗಾಗಿಯೇ ಗೊತ್ತುಂಟು, ಅವ ಕುಡೀತಿರ್ಲಿಲ್ಲ. ಆ ದ್ವೀಪದಲ್ಲಿ ಕುಡೀಲಿಕ್ಕೆ ನೀರೇ ಇರ್ಲಿಲ್ಲ."

ಸಾಲಿನಲ್ಲಿ ಯಾರೋ ನಕ್ಕರು. ಮತ್ತೆ ನಗಲಿಲ್ಲ.

ಹೋದ ಬೇಸಿಗೆಯಲ್ಲಿ ಹಾಜಿ ಕಲಂದರ್, ತನಿಯಪ್ಪ ಇಬ್ಬರನ್ನೂ ಮಂಗಳೂರಿನಲ್ಲಿ ಸರಕಿನ ಮಂಜಿ ದೋಣಿ ಹತ್ತಿಸಿ ರೆಸಾರ್ಟ್ ಕಟ್ಟುವ ಕೆಲಸಕ್ಕೆ ದ್ವೀಪಕ್ಕೆ ಕಳಿಸಿದ್ದ. ಬಿಳಿ ಮರಳು, ತೆಂಗು. ಅದರಾಚೆ ಇನ್ನೊಂದು ದ್ವೀಪ, ಅದರಾಚೆ ಮತ್ತೊಂದು. ಯಾವುದರಲ್ಲೂ ಹೊಳೆಯಿಲ್ಲ. ಮಳೆಗಾಲ ಕಳೆದರೆ ಅಲ್ಲಿನ ಸಿಹಿನೀರು ಎಂದರೆ ಛಾವಣಿಯಿಂದ ತೊಟ್ಟಿಗೆ ಹಿಡಿದಿಟ್ಟ ಮಳೆಯ ನೀರು, ಇಲ್ಲವೇ ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತದ್ದು. ಅದಕ್ಕೆ ಮುಂಚಿನ ಹಿಂಗಾರು ಮಳೆ ಕೈಕೊಟ್ಟಿತ್ತು. ಕೂಲಿಯವರ ಬಾವಿ ತಗ್ಗಿತು.

ಕಲಂದರ್ ಪಂಜದ ಕಡೆ ಬಾವಿ ತೋಡಿ ಬದುಕಿದವನು. ನೀರು ತಗ್ಗಿದರೆ ಇನ್ನೊಂದು ಕೋಲು ಆಳಕ್ಕೆ ಇಳಿಯಬೇಕು. ಅವನಿಗೂ, ಅವನ ಅಪ್ಪನಿಗೂ ಗೊತ್ತಿದ್ದದ್ದು ಅಷ್ಟೇ. ದ್ವೀಪದ ಮುದುಕನೊಬ್ಬ ಬೇಡ ಬೇಡವೆಂದು ಕೈಬೀಸಿದ. "ನೀರು ಕೆಳಗಲ್ಲದೆ ಮೇಲುಂಟಾ ಮಾರಾಯ," ಎಂದು ಕಲಂದರ್ ನಗುತ್ತ ಹಾರೆ ಹಿಡಿದು ಇಳಿದ. ಸಂಜೆಗೆ ಬಾವಿ ತುಂಬಿತು. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡವನು ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಹಾಗೆಯೇ ನಿಂತ. ಕೆಳಗಿದ್ದದ್ದು ಸಮುದ್ರ.

ಕೆಲಸ ನೋಡಲು ಬಂದ ಹಾಜಿ ತೊಟ್ಟಿಗೆ ತಾನೇ ಬೀಗ ಜಡಿದ. "ಬಾವಿ ಹಾಳು ಮಾಡಿದ್ದು ನೀವು, ಆ ನೀರು ನೀವೇ ಕುಡೀರಿ. ತೊಟ್ಟಿಯದ್ದು ಸ್ಲ್ಯಾಬಿಗೆ. ಉಪ್ಪುನೀರು ಬಿದ್ದರೆ ಒಳಗಿನ ಕಬ್ಬಿಣ ತಿಂದುಹೋಗ್ತದೆ."

"ನಮ್ಮ ಹೊಟ್ಟೆ, ಸಾಹುಕಾರ್ರೆ?"

"ನಿನ್ನದು ಕಬ್ಬಿಣವಾ?"

ಬೀಗದ ಕೈಯನ್ನು ಮೇಸ್ತ್ರಿಗೆ ಕೊಟ್ಟು ಹೋದ. ಕೂಲಿಯವರಿಗೆ ದಿನಕ್ಕೆ ತಲೆಗೊಂದು ಬಾಟಲಿ ನೀರು, ಅದೂ ಮೇಸ್ತ್ರಿಯ ಮರ್ಜಿ. ಹೊಸ ಸ್ಲ್ಯಾಬಿಗೆ ಮಾತ್ರ ಗೋಣಿ ಹಾಸಿ ಎರಡು ಹೊತ್ತೂ ಸಿಹಿನೀರು ಬಿಡುತ್ತಿದ್ದರು. ಉರಿಬಿಸಿಲಿನಲ್ಲಿ ಕಲಂದರ್ ಆ ಗೋಣಿಯ ಮೂಲೆಯನ್ನು ಬಾಯಿಗಿಟ್ಟು ಚೀಪುತ್ತಿದ್ದ. ಸಿಮೆಂಟಿಗೆ ತುಟಿಗಳು ಸುಟ್ಟು ಬಿಳಿಯಾದವು. ಒಮ್ಮೆ ಮೇಸ್ತ್ರಿ ನೋಡಿ ಸೊಂಟಕ್ಕೆ ಒದ್ದ. ಆಮೇಲೆ ಕಲಂದರನಿಗೆ ಭೇದಿ ಹಿಡಿಯಿತು.

ಅದೇ ದಿನಗಳಲ್ಲಿ ಒಂದು ಸಂಜೆ ಪಂಜದಲ್ಲಿ ಗುಡುಗು ಹಾಕಿ ಮಳೆ ಸುರಿದಿತ್ತು. ಫೋನಿನಲ್ಲಿ ಕಲಂದರ್ ಕೇಳಿದ, "ಅದೆಂತ ಶಬ್ದ? ಮಳೆಯಾ?" ಹೌದೆಂದಳು ಜಸೀನಾ. "ಫೋನು ಸೂರಿನ ಹತ್ತಿರ ಹಿಡಿ." ಅವಳು ನಗುತ್ತ ಹಿಡಿದಳು. ಕೈ ನೋಯುವವರೆಗೆ ಹಿಡಿದಳು. ಮತ್ತೆ ಕಿವಿಗಿಟ್ಟು ಕರೆದಳು. ಉಸಿರು ಮಾತ್ರ ಕೇಳಿತು. ಈಗ ಮಳೆ ಬಂದಾಗಲೆಲ್ಲ ಸೂರಿನಡಿಯಲ್ಲಿ ಆ ಉಸಿರು ಇರುತ್ತದೆ. ಫೌಝಿಯಾಳನ್ನು ಒಳಗೆ ಮಲಗಿಸಿ, ಅವಳು ಬಾಗಿಲ ಹೊರಗೆ ಒಂದು ಲೋಟ ನೀರಿಟ್ಟು ಬರುತ್ತಾಳೆ.

ಕಲಂದರ್ ಸತ್ತ ದಿನ ದ್ವೀಪದವರು ಬಂದರು. ದಾಹದಲ್ಲಿ ಹೋದವನಿಗೆ ಕೊನೆಯ ಸ್ನಾನದ ನೀರಾದರೂ ಸಿಹಿಯಿರಲಿ ಎಂದು ಅದೇ ಮುದುಕ ಹಟ ಹಿಡಿದ. ಜನ ಸೇರಿದ್ದು ಕಂಡು ಮೇಸ್ತ್ರಿ ಬೀಗದ ಕೈ ಎಸೆದ. ತೊಟ್ಟಿ ತೆರೆದವನು ತನಿಯಪ್ಪ. ಊರಲ್ಲಿ ಅವನು ಮುಟ್ಟಿದ ಕೊಡದ ನೀರನ್ನು ಚೆಲ್ಲುವ ಮನೆಗಳು ಇನ್ನೂ ಇವೆ. ಅಲ್ಲಿ ಯಾರೂ ಜಾತಿ ಕೇಳಲಿಲ್ಲ. ಕೊಡದ ಮೇಲೆ ಕೊಡ ಹೊತ್ತು ತಂದುಕೊಟ್ಟ. ಕಲಂದರನ ಮೈಮೇಲಿಂದ ಇಳಿದ ನೀರನ್ನೆಲ್ಲ ಮರಳು ಕುಡಿಯಿತು. ಅವನನ್ನು ಮಣ್ಣು ಮಾಡಿದ ಮೇಲೆ ದೊಡ್ಡ ಮಳೆ ಶುರುವಾಯಿತು. ತೊಟ್ಟಿ ತುಂಬಿ ಹೊರಗೆ ಹರಿಯಿತು. ಮಂಜಿಗಳು ನಿಂತವು. ಇಡೀ ಮಳೆಗಾಲ ತನಿಯಪ್ಪ ಆ ನೀರು ಕುಡಿದ. ಪ್ರತಿ ಗುಟುಕಿಗೂ ಹಿಂದೆ ಯಾರೋ ಗೋಣಿ ಚೀಪುವ ಸದ್ದಾಗುತ್ತಿತ್ತು. ತಿರುಗಿ ನೋಡುವುದನ್ನು ಕೊನೆಗೆ ಬಿಟ್ಟ.

ಹಾಜಿ ಧ್ವನಿ ತಗ್ಗಿಸಿದ. "ನೋಡು ಜಸೀನಾ, ಹುಡುಗನ ಕಡೆಯವರು ಬಂದಿದ್ದಾರೆ. ನನ್ನ ಮರ್ಯಾದೆ ತೆಗಿಬೇಡ."

"ನಿಮ್ಮದು ಬೇಡ ನನಗೆ. ಅವರದ್ದು ಕೊಡಿ."

"ಅದೆಂತ ಕೊಡುದು? ಸತ್ತವನದ್ದು."

ತನಿಯಪ್ಪ ಚೀಲದಿಂದ ಆ ತೊಟ್ಟಿಯ ಬೀಗ ಹೊರತೆಗೆದ. ಉಪ್ಪುಗಾಳಿಗೆ ತುಕ್ಕು ಹಿಡಿದದ್ದು, ಬೀಗದ ಕೈ ಅದರಲ್ಲೇ ಇತ್ತು. ಹಾಜಿಗೆ ಅದರ ಗುರುತು ಹತ್ತಿತು. ಜಸೀನಾ ಅದನ್ನು ತೆಗೆದುಕೊಂಡು ಗಂಡಸರ ಸಾಲನ್ನು ಸೀಳಿ ನಡೆದಳು. ಅಡುಗೆಯವನು ಖಾಲಿ ಕೊಡಪಾನ ಹಿಡಿದು ಹಿಂದೆ ಸರಿದ. ಬಾವಿಯ ಸರಳಿನ ಮುಚ್ಚಳ ಎಳೆದು ಕೊಂಡಿಗೆ ಬೀಗ ಒತ್ತಿದಳು. ಬೀಗದ ಕೈಯನ್ನು ಸರಳುಗಳ ನಡುವೆ ಹಿಡಿದಳು.

"ಹೇಳಿ ಮುಸ್ತಫಾಕ. ಕಲಂದರ್ ಎಂತ ಕುಡಿದು ಸತ್ತದ್ದು?"

ಎಲ್ಲರೂ ಹಾಜಿಯನ್ನು ನೋಡಿದರು. ಅವನು ಅಡುಗೆಯವನನ್ನು ನೋಡಿದ.

"ಸುತ್ತಿಗೆ ತಾ."

ಜಸೀನಾ ಬೆರಳು ಬಿಟ್ಟಳು. ನೀರು ಆಳದಲ್ಲಿತ್ತು, ಸದ್ದು ತಡವಾಗಿ ಬಂತು.

ಅಡುಗೆಯವನು ಕೊಡಪಾನ ಕೆಳಗಿಟ್ಟ. ಸುತ್ತಿಗೆ ತರಲು ಹೋಗಲಿಲ್ಲ. ಸಾಲಿನಲ್ಲಿ ಯಾರೂ ಕೈ ಇಳಿಸಲಿಲ್ಲ. ಬಿಸಿಲು ಶಾಮಿಯಾನದ ಅಂಚು ದಾಟಿ ಒಳಗೆ ಬಂತು. ಹಾಜಿಯ ಬೆರಳುಗಳ ಮೇಲೆ ಅನ್ನದ ಅಗುಳು ಒಣಗಿ ಬಿಳಿಯಾಗುತ್ತಿತ್ತು.