ಬರ್ತೀನಿ ಅಂದ ಮಾತು

ಚರ್ಚಿನಲ್ಲಿ ಎದ್ದುನಿಂತು ಸಾಕ್ಷಿ ಹೇಳುವುದೆಂದರೆ ಸತ್ಯವತಿಗೆ ಆಗದು. ಆದರೂ ಮಿಷನ್ ಭಾನುವಾರ ಹತ್ತಿರ ಬಂತೆಂದರೆ ಸಾಕು, ಸಭೆಯ ಪಾದ್ರಿ ಜೀವನ್ ಅಯ್ಯನವರ ಫೋನು ತಪ್ಪದು. "ಸಿಸ್ಟರ್, ಆ ಒಡಿಶಾ ಬೆಟ್ಟದ ಅನುಭವ ಸ್ವಲ್ಪ ಹೇಳ್ಬಿಡಿ. ಹುಲಿ ಗಿಲಿ ಬಂದಿದ್ರೆ ಅದನ್ನೂ ಸೇರಿಸಿ, ಯೂತ್‌ನೋರು ಕೂತು ಕೇಳ್ತಾರೆ."

ಹುಲಿ ಬಂದಿರಲಿಲ್ಲ. ಬಂದದ್ದು ಮಲೇರಿಯಾ, ಭೇದಿ, ಮಳೆಗಾಲವಿಡೀ ಮುಗ್ಗಲು ಹಿಡಿದ ಅಕ್ಕಿ. ಇದನ್ನು ಹೇಳಿದರೆ ಯಾರು ಆಮೆನ್ ಅಂದಾರು?

ಆ ಹಳ್ಳಿಯಲ್ಲಿ ಆಕೆ ಹನ್ನೊಂದು ವರ್ಷ ಇದ್ದಳು. ಮಕ್ಕಳಿಗೆ ಅಕ್ಷರ ಕಲಿಸಿದಳು, ಗಾಯಗಳಿಗೆ ಔಷಧಿ ಹಚ್ಚಿದಳು, ಅವರ ಭಾಷೆ ಕಲಿತು ಅದರಲ್ಲೇ ಕೀರ್ತನೆ ಹಾಡಿಸಿದಳು. ಆಮೇಲೆ ಇಲ್ಲಿ ರಾಜಾಜಿನಗರದಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ನೋಡಿಕೊಳ್ಳಲು ಬೇರೆ ದಿಕ್ಕಿರಲಿಲ್ಲ, ಬಂದಳು. ಅಮ್ಮ ಹಾಸಿಗೆಯಲ್ಲೇ ಬಹಳ ಕಾಲ ಬದುಕಿದರು. ಅಷ್ಟರಲ್ಲಿ ಮಿಷನ್ನಿನವರು ಆ ಕೇಂದ್ರವನ್ನೇ ಮುಚ್ಚಿದರು. ಈಗ ಬಸವೇಶ್ವರನಗರದ ಈ ಮೇಲಿನ ಪೋರ್ಷನ್ನಿನಲ್ಲಿ ಕೂತು ನೆನೆದರೆ, ಅದೆಲ್ಲ ಬೇರೆ ಯಾವಳೋ ಹೆಂಗಸಿಗೆ ನಡೆದದ್ದು ಅನ್ನಿಸುತ್ತದೆ. ಅಲ್ಲಿಯವರು ತನ್ನನ್ನು ಎಂದೋ ಮರೆತಿದ್ದಾರೆ ಎಂದು ಆಕೆ ತೀರ್ಮಾನಿಸಿಕೊಂಡಿದ್ದಳು. ಆ ತೀರ್ಮಾನದಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು.

ಆ ಭಾನುವಾರ ಮಧ್ಯಾಹ್ನ ಆಕೆ ಮತ್ತು ಮನೆ ಓನರ್ ಗಿರಿಜಾದೇವಿ ಮಹಡಿ ಮೆಟ್ಟಿಲ ಬಿಸಿಲಿನಲ್ಲಿ ಕೂತು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿದುಕುತ್ತಿದ್ದರು. ಗಿರಿಜಾದೇವಿಯ ಹಣೆಯಲ್ಲಿ ವಿಭೂತಿ, ಬಾಯಲ್ಲಿ ಬಿಡುವಿಲ್ಲದ ಮಾತು. ಆ ಮಾತಿನ ನಡುವೆ ಗೇಟು ಕಿರ್ ಎಂದಿತು. ಚೂಡಿದಾರ ತೊಟ್ಟ ಹುಡುಗಿಯೊಬ್ಬಳು ತಲೆ ಎತ್ತಿ ನೋಡಿದಳು.

"ಸತ್ಯವತಿ ಆಂಟಿ ಮನೆ ಇದೇನಾ? ಅಯ್ಯನವ್ರು ಅಡ್ರೆಸ್ ಕೊಟ್ರು."

ಹೆಸರು ಮಿನತಿ. ಸುಂಕದಕಟ್ಟೆಯಲ್ಲಿ ಗಾರ್ಮೆಂಟ್ಸ್ ಕೆಲಸ, ಭಾನುವಾರ ಇವರ ಚರ್ಚಿನ ಹಿಂದಿ ಆರಾಧನೆಗೆ ಬರುತ್ತಾಳೆ. ಅವಳು ತನ್ನ ಊರಿನ ಹೆಸರು ಹೇಳಿದಾಗ ಸತ್ಯವತಿಯ ಬೆರಳುಗಳ ನಡುವಿನ ಕಾಳು ಚಿಮ್ಮಿ ಗಿರಿಜಾದೇವಿಯ ಮಡಿಲಿಗೆ ಬಿತ್ತು.

"ಯಾರ ಮಗಳು ನೀನು?" ಬೆಟ್ಟದ ಭಾಷೆ ತುಕ್ಕು ಹಿಡಿದ ಬೀಗದಂತೆ ಬಾಯಿಂದ ಬಿಚ್ಚಿಕೊಂಡಿತು.

"ಬುಧುನಿ ಮಗಳು. ನೀವು ಬಿಟ್ಟು ಬಂದ್ಮೇಲೆ ಹುಟ್ಟಿದ್ದು." ಮಿನತಿ ಕನ್ನಡದಲ್ಲೇ ಉತ್ತರಿಸಿದಳು, ಫ್ಯಾಕ್ಟರಿಯಲ್ಲಿ ಕಲಿತ ಕನ್ನಡ, ಚೆನ್ನಾಗಿಯೇ ಇತ್ತು. ಮೆಟ್ಟಿಲ ಮೇಲೆ ಕೂತು, ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು. ಆಮೇಲೆ ಪೀಠಿಕೆಯೇ ಇಲ್ಲದೆ ಕೇಳಿದಳು: "ನೀವು ಯಾಕ್ ಬರ್ಲಿಲ್ಲ ಆಂಟಿ?"

"ಎಲ್ಲಿಗೆ?"

"ಊರಿಗೆ. ನಿಮ್ ಮನೆ ಹಂಗೇ ಇದೆ. ಪ್ರತಿ ವರ್ಷ ಮಳೆಗೆ ಮುಂಚೆ ಸೂರಿಗೆ ಹೊಸ ಹುಲ್ಲು ಹಾಕ್ತಾರೆ, ಒಂದೊಂದ್ ಸಲ ಒಂದೊಂದ್ ಮನೆಯವ್ರು. ನಮ್ಮಮ್ಮ ನೆಲ ಸಾರಿಸ್ತಾಳೆ. ಒಳಗೆ ಯಾರೂ ಇರಂಗಿಲ್ಲ. ನಮ್ಮಣ್ಣಂಗೆ ಮದ್ವೆ ಆಯ್ತು, ಮನೇಲಿ ಜಾಗ ಇಲ್ಲ, ಅದನ್ನ ಕೇಳ್ದ. ಊರೋರು ಕೊಡ್ಲಿಲ್ಲ."

"ಯಾಕೆ ಕೊಡ್ಲಿಲ್ಲ?"

"ನೀವು ಬರ್ತೀನಿ ಅಂದಿದ್ರಂತಲ್ಲ. ಹಳ್ಳದ ಹತ್ರ ನಿಂತ್ಕೊಂಡು."

ಹಳ್ಳ ನೆನಪಾಯಿತು. ಊರಿಗೆ ಊರೇ ಅಲ್ಲಿಯವರೆಗೆ ಬಂದಿತ್ತು. ಬುಧುನಿ ಟ್ರಂಕು ಹೊತ್ತಿದ್ದಳು. ಅಲ್ಲಿ ತಿರುಗಿ ನಿಂತು, ಮನೆ ಬಿಡುವಾಗ ಯಾರು ತಾನೇ ಹೇಳದ ಮಾತನ್ನು ಸತ್ಯವತಿಯೂ ಹೇಳಿದ್ದಳು: ಬರ್ತೀನಿ. ಹೇಳಿದ್ದು ಮಾತ್ರ ಅವರ ಭಾಷೆಯಲ್ಲಿ, ವ್ಯಾಕರಣ ಒಂದಿಷ್ಟೂ ತಪ್ಪದೆ.

"ಅದು ಹೊರಟೆ ಅಂತ ಹೇಳಿದ್ದು ಕಣೇ," ಎಂದಳು ಸತ್ಯವತಿ.

"ಮತ್ತಿನ್ನೇನು!" ಗಿರಿಜಾದೇವಿ ಮಧ್ಯೆ ಬಾಯಿ ಹಾಕಿದಳು. "ಹೊರಟೋರು ಹೋಗ್ತೀನಿ ಅಂತಾರಾ? ಬಿಡ್ತು ಅನ್ನು. ಹಂಗಂದ್ರೆ ಒಂದೇ ಸಲ ಹೋದಂಗೆ."

"ನಮ್ ಕಡೆ ಹೋಗೋರು ಹೋಗ್ತೀನಿ ಅಂತಾರೆ ಆಂಟಿ. ಬರ್ತೀನಿ ಅಂದ್ಮೇಲೆ ಬರ್ಬೇಕು." ಮಿನತಿಗೆ ನಗು ಬಂತು. "ನಂಗೂ ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು. ನಮ್ ರೂಮಲ್ಲಿ ರಮ್ಯ ಅಂತ ಇದ್ಳು, ಮಂಡ್ಯ ಕಡೆಯವ್ಳು. ಬ್ಯಾಗ್ ಹಾಕ್ಕೊಂಡು ‘ಬರ್ತೀನಿ ಕಣೇ’ ಅಂದ್ಳು. ನಾನು ಅವ್ಳಿಗೂ ಸೇರಿಸಿ ಅನ್ನ ಮಾಡಿ ಕಾದೆ, ಕಾದೆ. ನೋಡಿದ್ರೆ ಕೆಲಸಾನೇ ಬಿಟ್ಟು ಹೋಗಿದ್ಳು!"

ಗಿರಿಜಾದೇವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸತ್ಯವತಿ ಹಿದುಕಿದ ಬೇಳೆಯನ್ನೇ ಮತ್ತೆ ಹಿದುಕಿದಳು.

"ಅಮ್ಮಂಗೆ ಫೋನಲ್ಲಿ ಹೇಳ್ದೆ, ಅದು ಆ ಕಡೆಯವ್ರ ಮಾತಿನ ರೀತಿ ಅಷ್ಟೇ ಅಂತ. ನಂಬಲ್ಲ. ನಿಂಗೇನ್ ಗೊತ್ತು, ನೀನಾಗ ಹುಟ್ಟೇ ಇರ್ಲಿಲ್ಲ ಅಂತ ನಂಗೇ ಬೈತಾಳೆ. ಕ್ರಿಸ್‌ಮಸ್‌ಗೆ ಊರಿಗೆ ಹೋಗ್ತಾ ಇದೀನಿ. ಏನ್ ಹೇಳ್ಲಿ?"

ಬಸ್ಸು ನಿಲ್ಲುವ ಜಾಗದಿಂದ ಆ ಊರಿಗೆ ಅರ್ಧ ದಿನದ ಏರು. ಸತ್ಯವತಿಗೆ ಈ ಮಹಡಿ ಮೆಟ್ಟಿಲನ್ನೇ ಕಂಬಿ ಹಿಡಿದು ಹತ್ತಬೇಕು. ಇಂಥ ಹೊತ್ತಿಗೆಂದೇ ಕನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ: ನೋಡೋಣ. ಅದನ್ನು ಅವರ ಭಾಷೆಗೆ ತಿರುಗಿಸಿ ಕಳಿಸಿದರೆ, ಅವರು ಇನ್ನೊಂದಿಪ್ಪತ್ತು ವರ್ಷ ಹುಲ್ಲು ಹೊದಿಸುತ್ತ ನೋಡುತ್ತಲೇ ಇರುತ್ತಾರೆ.

"ನನ್ ಮಾತು ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸ್ತೀಯಾ?"

ಮಿನತಿ ಫೋನು ಹಿಡಿದಳು. ಸತ್ಯವತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಸಾವಿನ ಮನೆಯಿಂದ ಏಳುವಾಗ ಜನ ಏನೂ ಹೇಳದೆ ಎದ್ದು ಬರುತ್ತಾರೆ. ಅಲ್ಲಿ ಕೂಡ ಯಾರೂ ಈ ಮಾತನ್ನು ಆಡುವುದಿಲ್ಲ. ಇಷ್ಟು ವಯಸ್ಸಾಗಿ, ತಾನಾಗಿ ಒಮ್ಮೆಯೂ ಆಡದ ಮಾತು. ಬೇರೆ ಭಾಷೆಯಲ್ಲಿ ಹೇಳಲೂ ನಾಲಿಗೆ ಏಳಲೊಲ್ಲದು.

"ಬುಧುನಿ, ನಾನು ಸತ್ಯವತಿ," ಎಂದು ಬೆಟ್ಟದ ಭಾಷೆಯಲ್ಲಿ ಶುರು ಮಾಡಿದಳು. "ಹೋಗ್ತೀನಿ."

"ಏನಂದ್ರು?" ಗಿರಿಜಾದೇವಿ ಪಿಸುಗುಟ್ಟಿದಳು. ಮಿನತಿ ಅವಳ ಕಿವಿಯಲ್ಲಿ ಹೇಳಿದಳು. "ಬಿಡ್ತು, ಬಿಡ್ತು," ಎಂದು ಗಿರಿಜಾದೇವಿ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡಳು.

"ಅವತ್ತು ಹಳ್ಳದ ಹತ್ತಿರ ಹೇಳಬೇಕಾಗಿದ್ದದ್ದು ಇದು. ಮನೆಯನ್ನ ನಿನ್ನ ಮಗನಿಗೆ ಕೊಡು. ಇನ್ನು ಹುಲ್ಲು ಹೊದಿಸೋದು ಅವನ ಕೆಲಸ. ನೀವು ಕಾದಿದ್ದು ನನಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು."

ಮಿನತಿ ಬೆರಳೆತ್ತಿದಳು. ಫೋನು ಒಂದು ಸಣ್ಣ ಸದ್ದು ಮಾಡಿ ಮಾತನ್ನು ಕಳಿಸಿತು. ಊರಿನಲ್ಲಿ ಸಿಗ್ನಲ್ ಬಂಡೆಯ ಮೇಲೆ ಮಾತ್ರ ಸಿಗುತ್ತದಂತೆ. ಅಮ್ಮ ಸಂಜೆ ಮೇಕೆ ಹೊಡೆದುಕೊಂಡು ಹೋದಾಗ ಕೇಳುತ್ತಾಳೆ ಎಂದಳು.

ಮೂವರೂ ಮತ್ತೆ ಕಾಳಿಗೆ ಕೈ ಹಾಕಿದರು. ಗಿರಿಜಾದೇವಿಗೆ ಬಾಯಿ ತಡೆಯಲಿಲ್ಲ. "ಇದನ್ನೇ ಹೇಳ್ರೀ ನಿಮ್ ಚರ್ಚಲ್ಲಿ."

"ಇದ್ರಲ್ಲಿ ಹುಲಿ ಇಲ್ವಲ್ಲ," ಎಂದಳು ಸತ್ಯವತಿ.

ಹೊರಡುವಾಗ ಗಿರಿಜಾದೇವಿ ಹಿದುಕಿದ ಬೇಳೆಯನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬಿ ಮಿನತಿಯ ಕೈಗಿಟ್ಟಳು. "ಸಾರು ಮಾಡ್ಕೊ. ಡಬ್ಬಿ ಮಾತ್ರ ವಾಪಸ್ ತಂದ್ಕೊಡ್ಬೇಕು, ಅದು ನಮ್ಮತ್ತೇದು."

ಮಿನತಿ ಮೆಟ್ಟಿಲಿಳಿದು ಗೇಟಿನ ಹತ್ತಿರ ಹೋಗಿ ತಿರುಗಿದಳು. "ಬರ್ತೀನಿ ಆಂಟಿ!"

ಸತ್ಯವತಿ ಕಂಬಿ ಹಿಡಿದು ಮುಂದಕ್ಕೆ ಬಾಗಿದಳು. "ಏಯ್, ಯಾವ ಭಾಷೇಲಿ ಹೇಳ್ದೆ ಅದನ್ನ?"

ಮಿನತಿ ನಕ್ಕು, ಡಬ್ಬಿಯನ್ನು ಎತ್ತಿ ತೋರಿಸಿದಳು.