ತೊಕಿಯೆ ಬಿಡಿಸಿದ ಬಳ್ಳಿ

ಅತ್ತೆ ಚಿತ್ರ ಬಿಡಿಸಿದ ಬಟ್ಟಲುಗಳನ್ನು ಒಡೆಯುವ ಮುಂಚೆ ಮಿನೆಕೊ ಅವನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದಳು. ಸದ್ದು ಮನೆಯವರೆಗೆ ಕೇಳಬಾರದು. ಭಟ್ಟಿಯ ಹಿಂದೆ, ಹೊಳೆಯ ಕಡೆಗೆ ಇಳಿಯುವಲ್ಲಿ, ಕೆಟ್ಟುಹೋದ ಪಿಂಗಾಣಿಯನ್ನು ತಲೆಮಾರುಗಳಿಂದ ಸುರಿಯುತ್ತಿದ್ದ ಚೂರಿನ ಗುಡ್ಡೆಯಿತ್ತು. ಅಲ್ಲಿ ಕುಕ್ಕರುಗಾಲಲ್ಲಿ ಕೂತು ಸುತ್ತಿಗೆಯಿಂದ ಬಡಿದು, ಟವೆಲು ಕೊಡವಿ ಬರುವಳು.

ಪಿಂಗಾಣಿಯ ಊರಾದ ಹಸಾಮಿಯ ಆ ಓಣಿಯಲ್ಲಿ ಮನೆಮನೆಯದೂ ಅನ್ನದ ಬಟ್ಟಲು, ಸಾರಿನ ಬಟ್ಟಲು, ಉಪ್ಪಿನಕಾಯಿ ತಟ್ಟೆಗಳದ್ದೇ ಕಸುಬು. ಅವರಲ್ಲಿ ಅತ್ತೆ ತೊಕಿಯೆಯ ನೀಲಿ ಬಳ್ಳಿಗೆ ಹೆಸರಿತ್ತು. ಕುಂಚ ಎತ್ತದೆ ಬಟ್ಟಲಿನ ಸುತ್ತ ಬಳ್ಳಿ ಹರಿಸಿ, ಆಮೇಲೆ ಎಲೆ ಇಡುತ್ತಿದ್ದಳು. ಮಾವ ತೀರಿಕೊಂಡ ಮೇಲೆ ಅವಳ ಕೈ ನಡುಗತೊಡಗಿತು, ಕಣ್ಣು ಮಂಜಾಯಿತು. ಎಲೆಗಳು ಬಳ್ಳಿಯನ್ನು ಬಿಟ್ಟು ಎಲ್ಲೋ ಪಕ್ಕದಲ್ಲಿ ಕೂರುತ್ತಿದ್ದವು. ಸಗಟು ಅಂಗಡಿಯವರು ಒಂದು ಪೆಟ್ಟಿಗೆಯನ್ನು ತೆರೆದು ನೋಡಿ ಹಾಗೆಯೇ ವಾಪಸು ಕಳಿಸಿದರು.

ಮಿನೆಕೊಳ ಗಂಡ ಇಕುವೊ ಆ ಪೆಟ್ಟಿಗೆಯನ್ನು ತಾಯಿಯ ಕಣ್ಣಿಗೆ ಬೀಳದಂತೆ ಮೂಲೆಗೆ ತಳ್ಳಿದ. "ಅಮ್ಮನ ಕೈಯಿಂದ ಕುಂಚ ಕಿತ್ಕೊಂಡ್ರೆ ಅವಳು ಹಾಸಿಗೆ ಹಿಡೀತಾಳೆ. ನನ್ನ ಕೈಲಿ ಹೇಳೋಕಾಗಲ್ಲ. ನೀನೇ ಏನಾದ್ರೂ ಮಾಡು" ಎಂದು ಜಾರಿಕೊಂಡ.

ಮಿನೆಕೊ ಮಾಡಿದ್ದು ಇದು. ಅತ್ತೆ ಎಂದಿನಂತೆ ಬಿಡಿಸುತ್ತಿದ್ದಳು, ಬಟ್ಟಲುಗಳು ಎಂದಿನಂತೆ ಭಟ್ಟಿಗೆ ಹೋಗುತ್ತಿದ್ದವು, ಹೊರಬಂದ ಮೇಲೆ ಟವೆಲಿಗೆ.

"ಹೇಗೆ ಬಂದ್ವೇ?" ಎಂದು ತೊಕಿಯೆ ಕೇಳುವಳು.

"ಚೆನ್ನಾಗಿ ಬಂದ್ವು ಅತ್ತೆ. ಎಲ್ಲಾ ಹೋದ್ವು."

"ಎಲ್ಲಿಗೆ?"

ಒಂದು ದಿನ ಮಿನೆಕೊ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಬಸ್ ನಿಲ್ದಾಣದ ಹತ್ರ ಸುಮಾಕೊ ಅವರ ಊಟದ ಅಂಗಡಿ ಇದ್ಯಲ್ಲ, ಅವರೇ ತಗೊಂಡ್ರು."

ತೊಕಿಯೆಯ ಮುಖ ಅರಳಿತು. "ಹಾಗಾದ್ರೆ ನಾಳೆ ಅಲ್ಲೇ ಊಟ. ನನ್ನ ಬಟ್ಟಲಲ್ಲಿ ಜನ ಉಣ್ಣೋದನ್ನ ನೋಡಿ ಎಷ್ಟು ಕಾಲ ಆಯ್ತೋ! ಕರ್ಕೊಂಡು ಹೋಗೇ."

ಪುಣ್ಯಕ್ಕೆ ಆ ಬೆಳಿಗ್ಗೆ ಭಟ್ಟಿಯಿಂದ ತೆಗೆದವು ಇನ್ನೂ ಉಳಿದಿದ್ದವು. ಮಿನೆಕೊ ಅವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಸುಮಾಕೊಳ ಅಂಗಡಿಗೆ ಓಡಿ, ಇದ್ದದ್ದನ್ನೆಲ್ಲ ಹೇಳಿ, ತಲೆ ಬಾಗಿಸಿ ನಿಂತಳು.

ಸುಮಾಕೊ ಒಂದು ಬಟ್ಟಲನ್ನು ತಿರುಗಿಸಿ ನೋಡಿದಳು. "ಅಯ್ಯೋ, ಈ ಬಳ್ಳಿ ಕುಡಿದು ಮನೆಗೆ ಹೊರಟಂಗಿದೆಯಲ್ಲೇ." ಮಿನೆಕೊ ನಗದಿದ್ದುದನ್ನು ಕಂಡು ದನಿ ತಗ್ಗಿಸಿದಳು. "ಆಯ್ತು, ಇಟ್ಟು ಹೋಗು. ನನ್ನ ಮದುವೇಲಿ ಬಟ್ಟಲು ಕೊಟ್ಟ ತಾಯಿ ಅವರು."

ಮರುದಿನ ತೊಕಿಯೆ ಒಳ್ಳೆಯ ಕೋಟು ಹಾಕಿಕೊಂಡು ಹೊರಟಳು. ಅಂಗಡಿಯಲ್ಲಿ ಸೋಯಾ ಕಾಳಿನ ಮೀಸೊ ಹಾಕಿ ಬೇಯಿಸಿದ ಬಂಗುಡೆ, ಮೂಲಂಗಿ ಉಪ್ಪಿನಕಾಯಿ, ಬಿಸಿ ಅನ್ನ. ತೊಕಿಯೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಅದರ ಅಡಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಸುತ್ತಲಿನ ಮೇಜುಗಳಲ್ಲಿ ಜನ ಉಣ್ಣುತ್ತಿರುವ ಸದ್ದಿಗೆ ಕಿವಿಗೊಟ್ಟು, "ಅಕ್ಕಿ ಚೆನ್ನಾಗಿದೆ ಸುಮಾಕೊ" ಎಂದು ನಕ್ಕಳು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಬಡಗಿ ಗೊಹೆಯ್ ಕೂಗಿದ. "ಏನಮ್ಮಾ ಸುಮಾಕೊ, ನಿನ್ನೆವರೆಗೂ ಇದ್ದ ಬಟ್ಟಲು ಎಲ್ಲಿ ಹೋದ್ವು? ಇದನ್ನ ಯಾರು ಬಿಡಿಸಿದ್ದು, ಓಡೋ ಬಸ್ಸಲ್ಲಿ ಕೂತ್ಕೊಂಡು?"

ಒಂದಿಬ್ಬರು ನಕ್ಕರು. "ಬಾಯ್ಮುಚ್ಕೊಂಡು ತಿನ್ನು" ಎಂದು ಸುಮಾಕೊ ಗದರಿದಳು.

ತೊಕಿಯೆ ಎದ್ದು ಬಟ್ಟಲಿನೊಂದಿಗೆ ಕಿಟಕಿಯ ಬಳಿಗೆ ಹೋದಳು. ಬಿಸಿಲಿನಲ್ಲಿ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ನಿಧಾನವಾಗಿ ತಿರುಗಿಸಿ ನೋಡಿದಳು. ಮಿನೆಕೊ ಚಾಪ್‌ಸ್ಟಿಕ್ ಕೆಳಗಿಟ್ಟಳು. ಅತ್ತೆ ಬಂದು ಕೂತಳು. ಒಂದಗುಳೂ ಬಿಡದಂತೆ ಉಂಡಳು. ಗೊಹೆಯ್‌ಗೆ ತಲೆ ಬಾಗಿಸಿ, "ಬಿಡಿಸಿದ್ದು ನಾನೇ ಕಣಪ್ಪ" ಎಂದು ಹೇಳಿ ಹೊರಗೆ ನಡೆದಳು. ಅವನ ಮುಖ ಪೆಚ್ಚಾಯಿತು.

ದಾರಿಯಲ್ಲಿ ತೊಕಿಯೆ ಕೇಳಿದ್ದು ಒಂದೇ ಮಾತು. "ನಿನ್ನೆವರೆಗೂ ಬೇರೆ ಬಟ್ಟಲಿತ್ತಂತೆ. ನನ್ನವೆಲ್ಲ ಎಲ್ಲಿ?"

ಇನ್ನೊಂದು ಸುಳ್ಳು ಮಿನೆಕೊಳ ನಾಲಿಗೆಗೆ ಬಂತು. ಆದರೆ ಹೊರಡಲಿಲ್ಲ. ಅವಳು ಅತ್ತೆಯನ್ನು ಭಟ್ಟಿಯ ಹಿಂದಕ್ಕೆ ಕರೆದೊಯ್ದಳು.

ತೊಕಿಯೆ ಬಗ್ಗಿ ಒಂದು ಚೂರು ಎತ್ತಿಕೊಂಡಳು. ಮತ್ತೊಂದು. ಇನ್ನೂ ಮೊನಚಾಗಿದ್ದ ಹೊಸ ಚೂರುಗಳು, ಅವುಗಳ ಮೇಲೆ ಅರ್ಧರ್ಧ ಎಲೆಗಳು.

"ನಿಮಗೆ ನೋವಾಗುತ್ತೆ ಅಂತ..." ಎಂದು ಮಿನೆಕೊ ತೊದಲಿದಳು.

"ನನ್ನ ನೋವಿನ ಮಾತು ಬಿಡು. ನನ್ನ ಮುಖ ನೋಡಿ ಹೇಳೋಕೆ ನಿನಗಾಗ್ಲಿಲ್ಲ." ತೊಕಿಯೆಯ ದನಿ ಏರಲಿಲ್ಲ. "ನೀನು ಸೊಸೆಯಾಗಿ ಬಂದ ಹೊಸದ್ರಲ್ಲಿ ನಿನ್ನ ಬಟ್ಟಲನ್ನ ನಾನೂ ಒಡೆದಿದ್ದೀನಿ. ನಿನ್ನ ಕಣ್ಣೆದುರೇ ಒಡೆದೆ. ನೀನು ಕಣ್ಣೀರು ಹಾಕ್ದೆ, ನನ್ನ ಬೈಕೊಂಡೆ, ಮಾರನೇ ದಿನ ಆ ಸಿಟ್ಟಲ್ಲೇ ಚೆನ್ನಾಗಿ ಬಿಡಿಸ್ದೆ. ನನಗೆ ಅಷ್ಟೂ ಮರ್ಯಾದೆ ಕೊಡ್ಲಿಲ್ವಲ್ಲೇ ನೀನು. ಚಿಕ್ಕ ಮಗುಗೆ ಹೇಳ್ದಂಗೆ 'ಚೆನ್ನಾಗಿ ಬಂದ್ವು' ಅಂತಿದ್ದೆ."

ಮಿನೆಕೊ ಚೂರುಗಳ ಮೇಲೆಯೇ ಮಂಡಿಯೂರಿದಳು. ಅತ್ತೆ ಅವಳನ್ನು ಎಬ್ಬಿಸಲಿಲ್ಲ.

ಆಮೇಲೆ ತೊಕಿಯೆ ಕೆಲಸದ ಮನೆಗೆ ಕಾಲಿಡಲಿಲ್ಲ. ಕೊಟ್ಟದ್ದನ್ನು ಉಂಡು, ಹಿತ್ತಲಿನ ಪರ್ಸಿಮನ್ ಮರದ ಕೆಳಗೆ ಕೂತಿರುತ್ತಿದ್ದಳು. ಅವಳ ಕುಂಚಗಳು ಒಣಗಿ ಬಿರುಸಾದವು. ಅವನ್ನು ತೊಳೆದಿಡಲು ಕೂಡ ಮಿನೆಕೊಳಿಗೆ ಕೈ ಬರಲಿಲ್ಲ. ತನ್ನ ಪಾಲಿನ ಬಟ್ಟಲಿಗೆ ಬಳ್ಳಿ ಬಿಡಿಸುವಾಗ ಗೆರೆ ನೆಟ್ಟಗೆ ಬಂದರೆ ಅದಕ್ಕೂ ನಾಚಿಕೆಯಾಗುತ್ತಿತ್ತು.

"ಸುಮ್ನೆ ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ" ಎಂದ ಇಕುವೊ.

"ಸುಮ್ನೆ ಇದ್ದಿದ್ದಕ್ಕೇ ಇಷ್ಟಾಗಿದ್ದು ಕಣ್ರೀ. ನೀವೂ, ನಾನೂ" ಎಂದಳು ಮಿನೆಕೊ. ಅವನು ತಲೆ ತಗ್ಗಿಸಿ ಎದ್ದುಹೋದ. ಹಿತ್ತಲಿನಲ್ಲಿ ತಾಯಿಯ ಪಕ್ಕ ಬಹಳ ಹೊತ್ತು ಕೂತಿದ್ದ. ಏನು ಮಾತಾಡಿದರೋ ಮಿನೆಕೊ ಕೇಳಲಿಲ್ಲ.

ಬಟ್ಟಲುಗಳನ್ನು, ಸುಟ್ಟಾಗ ಗಾಜಿನಂತೆ ಹೊಳೆಯುವ ಮೆರುಗಿನ ನೀರಿನಲ್ಲಿ ಅದ್ದುವ ದಿನ ಬಂತು. ಅದ್ದಿದ ಮೇಲೆ ಪ್ರತಿ ಬಟ್ಟಲಿನ ಅಡಿಯ ಅಂಚನ್ನು ಒದ್ದೆ ಸ್ಪಂಜಿಗೆ ಒತ್ತಿ ಒರೆಸಬೇಕು. ಮೆರುಗು ಉಳಿದರೆ ಭಟ್ಟಿಯೊಳಗಿನ ಚಪ್ಪಡಿಗೆ ಕಚ್ಚಿಕೊಳ್ಳುತ್ತದೆ. ಮಿನೆಕೊ ಒಬ್ಬಳೇ ಎರಡೂ ಕೆಲಸ ಮಾಡುತ್ತಿದ್ದಾಗ ತೊಕಿಯೆ ಒಳಗೆ ಬಂದಳು. ಅಂಗಿಯ ತೋಳು ಮಡಚಿಕೊಂಡು ಸ್ಪಂಜಿನ ಮುಂದೆ ಕೂತು ಕೈ ಚಾಚಿದಳು.

"ತಾ ಇಲ್ಲಿ."

"ಅತ್ತೆ, ನನ್ನನ್ನ ಕ್ಷಮಿಸಿ..."

"ಅದನ್ನ ಈಗ ಕೇಳ್ಬೇಡ. ಸಿಟ್ಟು ಇನ್ನೂ ಇದೆ. ಬಟ್ಟಲು ಕೊಡು."

ಅಂಚಿಗೆ ಸ್ಪಂಜು ಒತ್ತಲು ಗೆರೆ ಎಳೆಯುವ ಕೈ ಬೇಕಿರಲಿಲ್ಲ. ಬೆರಳಿನ ಸ್ಪರ್ಶ ಸಾಕಿತ್ತು. ತೊಕಿಯೆ ಒರೆಸಿ ಒರೆಸಿ ಹಲಗೆಯ ಮೇಲೆ ಜೋಡಿಸುತ್ತ ಹೋದಳು. ಮಿನೆಕೊ ಹಲಗೆ ಎತ್ತುವಾಗ ಒಂದು ಬಟ್ಟಲಿನ ಅಡಿಯಲ್ಲಿ ಬೆಳ್ಳಗೆ ಮೆರುಗು ಉಳಿದಿರುವುದು ಕಂಡಿತು. ಅದನ್ನು ತಾನೇ ಬೆರಳಿನಿಂದ ಉಜ್ಜಿಬಿಡಲು ಹೊರಟಿದ್ದಳು. ಕೈ ತಡೆದಳು.

"ಅತ್ತೆ, ಇದು ಸರಿಯಾಗಿಲ್ಲ."

ತೊಕಿಯೆ ತಲೆಯೆತ್ತಿದಳು. "ಎಲ್ಲಿ?"

ಮಿನೆಕೊ ಅವಳ ಹೆಬ್ಬೆರಳು ಹಿಡಿದು ಆ ಜಾಗಕ್ಕೆ ಮುಟ್ಟಿಸಿದಳು. ತೊಕಿಯೆ ಹೂಂ ಎಂದು, ಬಟ್ಟಲನ್ನು ಇಸಿದುಕೊಂಡು ಮತ್ತೆ ಸ್ಪಂಜಿಗೆ ಒತ್ತಿದಳು.