ನಿಪ್ಪಲಿನ ಅಂಟು

ಮಾಧುರಿ ಸದಾಶಿವ ಪೇಠೆಯ ಕೋಚಿಂಗ್ ಕ್ಲಾಸಿನ ಕೆಲಸಕ್ಕೆ ಮರಳಿದ ಮೇಲೆ ಕೂಸು ಪ್ರಣವನ ಹಗಲೆಲ್ಲ ಅಜ್ಜಿ ಭೀಮವ್ವನ ಪಾಲಿಗೆ ಬಂತು. ಬಾಟಲಿಯ ಕೆಲಸವನ್ನು ಸೊಸೆ ಮೊದಲೇ ತೋರಿಸಿಕೊಟ್ಟಿದ್ದಳು. ನಿಪ್ಪಲು, ಮುಚ್ಚಳ, ಬಾಟಲಿ ಎಲ್ಲವನ್ನೂ ಬಿಡಿಬಿಡಿಯಾಗಿ ಬಿಚ್ಚಿ, ಸಾಬೂನು ಹಚ್ಚಿ ಬ್ರಷ್‌ನಿಂದ ತಿಕ್ಕಿ, ನೀರಿನಲ್ಲಿ ಪೂರ್ತಿ ಮುಳುಗಿಸಿ ಕುದಿಸಬೇಕು.

ಕಣ್ಣು ಮಂಜಾಗುವ ತನಕ ಭೀಮವ್ವ ಹಾಗೆಯೇ ಮಾಡಿದಳು. ಮೊದಮೊದಲು ಧನಕವಡಿಯ ಆ ಫ್ಲ್ಯಾಟಿಗೆ ಬೆಳಕೇ ಕಮ್ಮಿ ಅಂದುಕೊಂಡಳು. ಬರಬರುತ್ತ ಗ್ಯಾಲರಿಯ ಬಿಸಿಲಿನಲ್ಲೂ ಕೂಸಿನ ಮುಖ ಹೊಗೆಯಾಚೆ ಇದ್ದಂತೆ ಕಾಣತೊಡಗಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೂಸನ್ನು ಹಗಲೆಲ್ಲ ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರಕ್ಕೆ ಬಿಟ್ಟು ಹೋಗುತ್ತಾರೆ, ಆಮೇಲೆ ಈ ಮನೆಯಲ್ಲಿ ತನಗೇನು ಕೆಲಸ ಎಂಬ ಅಂಜಿಕೆ. ಬಿಚ್ಚಿದ ನಿಪ್ಪಲನ್ನು ಮುಚ್ಚಳದ ತೂತಿಗೆ ಮತ್ತೆ ಕೂಡಿಸಲು ಆಗದೆ, ಅದನ್ನು ಬಿಚ್ಚುವುದನ್ನೇ ಬಿಟ್ಟಳು. ಹೆಂಗೂ ಕುದೀತದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ರಾತ್ರಿ ಸೊಸೆ ಮೊಲೆಯೂಡಿಸುತ್ತಿದ್ದುದರಿಂದ ಬಾಟಲಿ ಅವಳ ಕೈಗೆ ಬರುತ್ತಲೇ ಇರಲಿಲ್ಲ.

ಕೂಸಿಗೆ ಭೇದಿ ಹತ್ತಿತು. ಹಲ್ಲು ಬರೋ ಕಾಲ ಎಂದಳು ಭೀಮವ್ವ. ಮಗ ಸ್ವಪ್ನಿಲ್ ನಂಬಿದ, ಸೊಸೆಯೂ ನಂಬಿದಳು. ಔಷಧಕ್ಕೆ ನಿಂತದ್ದು ಮತ್ತೆ ಮರುಕಳಿಸಿತು. ಕೂಸಿನ ತೊಡೆಯ ಮಾಂಸ ಕರಗುತ್ತಿರುವುದು ಭೀಮವ್ವನ ಕಣ್ಣಿಗೆ ಕಾಣದಿದ್ದರೂ ಎತ್ತಿಕೊಂಡಾಗ ಕೈಗೆ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಪ್ರಣವ ಬಾಟಲಿಗೆ ಬಾಯಿ ಹಚ್ಚಲೇ ಇಲ್ಲ. ಅಳಲೂ ಇಲ್ಲ. ನೆತ್ತಿಯ ಮೇಲೆ ಅಂಗೈ ಇಟ್ಟರೆ ಅಲ್ಲಿ ಕುಳಿ ಬಿದ್ದಿತ್ತು. ಭೀಮವ್ವ ಬಾಟಲಿಯನ್ನು ಮೂಗಿಗೆ ಹಿಡಿದಳು. ಹುಳಿ ವಾಸನೆ. ನಿಪ್ಪಲನ್ನು ಎಳೆದು ತೆಗೆದು ಅಂಚಿನೊಳಗೆ ಬೆರಳಾಡಿಸಿದಳು. ಹಳೆಯ ಹಾಲಿನ ಲೋಳೆ ಬೆರಳಿಗೆ ಅಂಟಿತು.

ಕೈ ತಾನಾಗಿಯೇ ನಲ್ಲಿಯ ಕಡೆ ಹೋಯಿತು. ತೊಳೆದುಬಿಟ್ಟರೆ ಯಾರಿಗೂ ಗೊತ್ತಾಗದು. ನೀರಿನ ಸದ್ದು ಕೇಳುತ್ತ ಅವಳು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ನಲ್ಲಿ ಬಂದ್ ಮಾಡಿ, ನಿಪ್ಪಲನ್ನು ಹಾಗೆಯೇ ಬಟ್ಟೆಯ ಪಿಶವಿಯೊಳಗೆ ಹಾಕಿಕೊಂಡು, ಕೂಸನ್ನು ಎದೆಗವಚಿ ಪಕ್ಕದ ಮನೆಯ ಬಾಗಿಲು ಬಡಿದಳು. ಪಕ್ಕದ ಮನೆಯಾಕೆ ಮಾಧುರಿಗೆ ಫೋನ್ ಮಾಡಿ, ರಿಕ್ಷಾ ಕರೆದು, ತಾನೂ ಹತ್ತಿದಳು.

ಮಾಧುರಿ ಆಸ್ಪತ್ರೆಗೆ ಓಡಿಬಂದಾಗ ಪ್ರಣವನಿಗೆ ಸಲಾಯಿನ್ ಹಚ್ಚಿದ್ದರು. ಇನ್ನೂ ಏನೂ ಹೇಳಲಾಗದು ಎಂದು ಡಾಕ್ಟರು ಒಳಗೆ ಹೋದರು. ಭೀಮವ್ವ ಪಿಶವಿಯನ್ನು ಸೊಸೆಯ ಕೈಗಿಟ್ಟಳು.

"ಇದರಿಂದನ ಆಗೇದವ್ವಾ. ನನಗ ಕಣ್ಣು ಕಾಣವಲ್ಲವು. ನಿಪ್ಪಲ ಬಿಚ್ಚದನ ಕುದಿಸ್ತಿದ್ದೆ."

ಮಾಧುರಿ ನಿಪ್ಪಲನ್ನು ಬೆಳಕಿಗೆ ಹಿಡಿದು ನೋಡಿದಳು.

"ಮೊದಲ ಯಾಕ ಹೇಳಲಿಲ್ರಿ ಅತ್ತಿ?"

"ಹೇಳಿದ್ರ ಕೂಸನ್ನ ನನ್ನ ಕೈಯಾಗ ಕೊಡತಿದ್ಯಾ?"

ಮಾಧುರಿ ನಿಪ್ಪಲನ್ನು ತೋರಿಸಲು ಡಾಕ್ಟರ ಹಿಂದೆ ಹೋದಳು.

ಕೂಸು ಉಳಿಯಿತು. ತೂಕ ಕೂಡಿಕೊಳ್ಳಲು ಮಾತ್ರ ಬಹಳ ಕಾಲ ಹಿಡಿಯಿತು. ಮಾಧುರಿ ರಜೆ ಹಾಕಿದಳು. ಅತ್ತೆಯ ಮೇಲೆ ಒಮ್ಮೆಯೂ ದನಿ ಏರಿಸಲಿಲ್ಲ. ಭೀಮವ್ವನಿಗೆ ಅದೇ ಹೆಚ್ಚು ಭಾರವಾಯಿತು. ಕಣ್ಣಿನ ಆಪರೇಷನ್ನಿಗೆ ಸ್ವಪ್ನಿಲ್ ದಿನ ಗೊತ್ತು ಮಾಡಿದ. ಹಾಲಿನ ಹೊತ್ತಿಗೆ ಸೊಸೆ ಕೂಸನ್ನು ತಂದು ಅತ್ತೆಯ ತೊಡೆಯ ಮೇಲೆ ಮಲಗಿಸುತ್ತಿದ್ದಳು. ಬಾಟಲಿಯನ್ನು ಮಾತ್ರ ತನ್ನ ಕೈಯಲ್ಲೇ ಹಿಡಿದಿರುತ್ತಿದ್ದಳು.